ಕಾಲ್ದೆಸೆಯಲ್ಲಿ ನಿಂತು ಎಬ್ಬಿಸುವುದು

ಹಾಸನದಿಂದ ಅಮೆರಿಕಕ್ಕೆ ಬಂದು ನೆಲೆಸಿ, ಇಲ್ಲಿಯ ಪೌರತ್ವ ಪಡೆದ ಮೇಲೆ ತಡವಾಗಿ ನರ್ಸಿಂಗ್ ಪದವಿ ಮುಗಿಸಿದ ನನಗೆ ಮೊದಲ ಕೆಲಸ ಸಿಕ್ಕಿದ್ದು ಮಾಜಿ ಸೈನಿಕರಿಗಾಗಿ ವೆಟರನ್ಸ್ ಅಫೇರ್ಸ್ ಇಲಾಖೆ ನಡೆಸುವ ಆಸ್ಪತ್ರೆಯೊಂದರಲ್ಲಿ. ಹೊಸದಾಗಿ ಪದವಿ ಪಡೆದ ನರ್ಸುಗಳಿಗೆ ಈ ಇಲಾಖೆಯಲ್ಲಿ 12 ತಿಂಗಳ ರೆಸಿಡೆನ್ಸಿ ತರಬೇತಿ ಇದೆ. ಮೊದಲು ಪ್ರಿಸೆಪ್ಟರ್ ಎನ್ನುವ ಹಿರಿಯ ನರ್ಸಿನ ಜೊತೆಯಲ್ಲೇ ಡ್ಯೂಟಿ, ಕ್ರಮೇಣ ನಮ್ಮದೇ ರೋಗಿಗಳು, ನಡುನಡುವೆ ತರಗತಿಗಳು.

ಯಂತ್ರಗಳು ಬೇಗ ಕೈಗೆ ಬಂದವು. ರೋಗಿಯ ಕೈಪಟ್ಟಿಯನ್ನೂ ಔಷಧಿಯನ್ನೂ ಬಾರ್‌ಕೋಡಿನಿಂದ ತಾಳೆ ನೋಡುವ ಪದ್ಧತಿ ಹೊಳೆದದ್ದು ಇದೇ ಇಲಾಖೆಯ, ಕಾನ್ಸಾಸ್ ರಾಜ್ಯದ ಟೊಪೀಕಾ ಆಸ್ಪತ್ರೆಯ ನರ್ಸ್ ಒಬ್ಬರಿಗೆ, ಅದೂ ಬಾಡಿಗೆ ಕಾರನ್ನು ಹಿಂದಿರುಗಿಸುವಾಗ ಅಲ್ಲಿಯವರು ಕಾರಿನ ಬಾರ್‌ಕೋಡ್ ಓದುವುದನ್ನು ಕಂಡು, ಎಂದು ತಿಳಿದು ಸ್ವಲ್ಪ ಹೆಮ್ಮೆಯೂ ಆಯಿತು.

ನಾನು ಎಡವಿದ್ದು ಬೇರೆ ಕಡೆ. ಮೂರನೆಯ ತಿಂಗಳ ಒಂದು ರಾತ್ರಿಪಾಳಿಯಲ್ಲಿ ಬಿಪಿ ನೋಡಲೆಂದು, ವಿಯೆಟ್ನಾಂ ಯುದ್ಧದಲ್ಲಿ ಸಾರ್ಜೆಂಟ್ ಆಗಿದ್ದ ವೃದ್ಧರೊಬ್ಬರ ಭುಜ ಮುಟ್ಟಿ ಎಬ್ಬಿಸಿದೆ. ಮನೆಯಲ್ಲಿ ತಾತನನ್ನು ಎಬ್ಬಿಸುತ್ತಿದ್ದುದೂ ಹಾಗೆಯೇ. ಅವರ ಕಣ್ಣು ತೆರೆಯುವ ಮೊದಲೇ ಮೊಣಕೈ ಬೀಸಿ ಬಂದು ನನ್ನ ಮಣಿಕಟ್ಟಿಗೆ ಬಡಿಯಿತು. ಬೆಳಗಿನವರೆಗೂ ಅವರೇ ಕ್ಷಮೆ ಕೇಳುತ್ತಿದ್ದರು, ನನಗೆ ನಾಚಿಕೆಯಾಗಿತ್ತು. ಪ್ರಿಸೆಪ್ಟರ್ ಗದರಲಿಲ್ಲ. ಬಾಗಿಲಿಗೆ ಕರೆದೊಯ್ದು ತೋರಿಸಿದರು: ದೀಪ ಹಾಕಬೇಕು, ಮಂಚದ ಕಾಲ್ದೆಸೆಯಲ್ಲಿ ನಿಂತು ಹೆಸರು ಕರೆಯಬೇಕು, ಅವರು ನಮ್ಮನ್ನು ನೋಡಿದ ಮೇಲಷ್ಟೇ ಹತ್ತಿರ ಹೋಗಬೇಕು.

ಆ ಬಳಿಕ ಯಾವ ರೋಗಿ ಬಂದರೂ ಎಲ್ಲಿ, ಯಾವ ವರ್ಷಗಳಲ್ಲಿ ಸೇವೆ ಸಲ್ಲಿಸಿದಿರಿ ಎಂದು ಮೊದಲೇ ಕೇಳುವುದನ್ನು ರೂಢಿಸಿಕೊಂಡೆ. ವಿಯೆಟ್ನಾಂ ಎಂದರೆ ಅಲ್ಲಿ ಅಮೆರಿಕದ ಸೇನೆ ಸಿಂಪಡಿಸಿದ ಏಜೆಂಟ್ ಆರೆಂಜ್ ಎಂಬ ಕಳೆನಾಶಕದ ನೆನಪಾಗಬೇಕು. ಅಲ್ಲಿ ಸೇವೆ ಸಲ್ಲಿಸಿದವರ ಟೈಪ್ 2 ಮಧುಮೇಹವನ್ನು ಇಲಾಖೆ ಅದರೊಂದಿಗೆ ಸಂಬಂಧಿಸಿದ್ದೆಂದೇ ಪರಿಗಣಿಸುತ್ತದೆ, ಮಾಜಿ ಸೈನಿಕರ ಸೌಲಭ್ಯಗಳಿಗೆ ಸಂಬಂಧಿಸಿದ 2022ರ ಪ್ಯಾಕ್ಟ್ ಕಾಯಿದೆ ಇಂಥ ಕಾಯಿಲೆಗಳ ಪಟ್ಟಿಗೆ ಅಧಿಕ ರಕ್ತದೊತ್ತಡವನ್ನೂ ಸೇರಿಸಿತು. ಕೊರಿಯಾ ಯುದ್ಧದಲ್ಲಿ ಚೋಸಿನ್ ಜಲಾಶಯದ ಬಳಿ 1950ರ ಕೊರೆಯುವ ಚಳಿಗಾಲ ಕಳೆದವರಾದರೆ ಕಾಲುಚೀಲ ಬಿಚ್ಚಿಸಿ ಪಾದ ನೋಡಲೇಬೇಕು, ಏಕೆಂದರೆ ಅಂದು ಹಿಮ ಕಚ್ಚಿದ ಬೆರಳುಗಳು ಮುಪ್ಪಿನಲ್ಲಿಯೂ ಕಾಡುತ್ತವೆ. ಇದಕ್ಕಿಂತ ಕಷ್ಟವೆನಿಸಿದ್ದು, ಸಾಯುವ ಯೋಚನೆ ಬರುತ್ತದೆಯೇ, ಮನೆಯಲ್ಲಿ ಬಂದೂಕು ಇದೆಯೇ ಎಂದು ನೇರವಾಗಿ ಕೇಳುವುದು. ಸಾವಿನ ಮಾತನ್ನು ಬಾಯಿಗೇ ತರಬಾರದೆಂದು ಬೆಳೆದವಳು ನಾನು. ಸಹಪಾಠಿಗಳ ಮುಂದೆ ಹಲವು ಸಲ ಅಭಿನಯಿಸಿದ ಮೇಲೆಯೇ ಧ್ವನಿ ನಡುಗುವುದು ನಿಂತಿತು.

ತರಬೇತಿಯ ಕೊನೆಗೆ ಮಾಡಬೇಕಿದ್ದ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ಪಾಳಿ ಬದಲಾಗುವಾಗ ಒಪ್ಪಿಸುವ ಹಾಳೆಯನ್ನು: ರೋಗಿಯನ್ನು ಹೇಗೆ ಎಬ್ಬಿಸಬೇಕೆಂದು ತಿಳಿಸುವ ಒಂದು ಸಾಲನ್ನು ಅದಕ್ಕೆ ಸೇರಿಸಿದೆ. ಸಾರ್ಜೆಂಟರ ಸಾಲನ್ನು ಅವರೇ ಹೇಳಿ ಬರೆಸಿದರು: “ಎಡಗಡೆಯಿಂದ ಕರೆಯಿರಿ, ಬಲಗಿವಿ ಕೇಳಿಸದು.”