ಬಿ.ಇ. ಓದುತ್ತಲೇ ರೋಬೊ ಸಂಶೋಧನೆ: ಎಲ್ಲಿಂದ ಶುರು?

ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿದು ಕಾಲೇಜಿಗೆ ಹೋಗುವ ನಮ್ಮ ಕನ್ನಡದ ಮಕ್ಕಳು ಸಿಕ್ಕಾಗಲೆಲ್ಲ ಕೇಳುವುದುಂಟು: “ಅಂಕಲ್, ರೋಬಾಟಿಕ್ಸ್‌ನಲ್ಲಿ ರಿಸರ್ಚ್ ಮಾಡಬೇಕು, ಏನೇನು ಕೊಳ್ಳಲಿ?” ಸದ್ಯಕ್ಕೆ ಏನೂ ಬೇಡ. ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಗಳಿರುವ ಮುಂಬಯಿಯ ಲ್ಯಾಮಿಂಗ್ಟನ್ ರೋಡಿಗೆ ಆಮೇಲೆ ಹೋದರಾಯಿತು.

ಮೊದಲು ಬೇಕಾದದ್ದು ಒಂದು ಸಣ್ಣ ಪ್ರಶ್ನೆ. “ರೋಬೊ ಕೈ ಕಟ್ಟುತ್ತೇನೆ” ಅನ್ನುವುದು ಪ್ರಾಜೆಕ್ಟ್. “ಈ ಕೈಯನ್ನು ಒಂದೇ ಜಾಗಕ್ಕೆ ಮೂವತ್ತು ಸಲ ಕಳಿಸಿದರೆ ಎಷ್ಟು ಆಚೀಚೆ ಆಗುತ್ತದೆ, ಯಾಕೆ ಆಗುತ್ತದೆ?” ಅನ್ನುವುದು ಸಂಶೋಧನೆ.

ಎರಡನೆಯದು ಜಾಗ. ಎಲ್ಲರ ಕಣ್ಣೂ ಪೊವಾಯಿಯ ಐಐಟಿ ಮೇಲೆ. ಅಲ್ಲಿನ ಇ-ಯಂತ್ರ ತಂಡ ರೋಬಾಟಿಕ್ಸ್ ಸ್ಪರ್ಧೆ, ಬೇಸಿಗೆ ಇಂಟರ್ನ್‌ಶಿಪ್ ಎರಡನ್ನೂ ನಡೆಸುತ್ತದೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಎರಡು ತಿಂಗಳ ಬೇಸಿಗೆ ಫೆಲೋಶಿಪ್ಪೂ ಇದೆ. ಎರಡಕ್ಕೂ ಪ್ರಯತ್ನಿಸಿ. ಆದರೆ ನಿಮ್ಮದೇ ಕಾಲೇಜಿನ ಸರ್ ಅಥವಾ ಮೇಡಂ ಬಳಿ ಮೊದಲು ಹೋಗಿ. ರಜೆ ಮುಗಿದ ಮೇಲೂ ಸಿಗುವವರು ಅವರೇ.

ಮೇಲ್ ಬರೆಯುವಾಗ “ನನಗೆ ಬಹಳ ಆಸಕ್ತಿಯಿದೆ” ಅಂತ ಪುಟ ತುಂಬಿಸಬೇಡಿ. ಅವರ ಒಂದು ಸಂಶೋಧನಾ ಪೇಪರ್ ಓದಿ, ಅದರಲ್ಲಿ ಅರ್ಥವಾಗದ ಒಂದು ಗ್ರಾಫ್ ಹೆಸರಿಸಿ, ವಾರಕ್ಕೆ ಎಷ್ಟು ಗಂಟೆ ಬರಬಲ್ಲಿರಿ ಅನ್ನುವುದನ್ನು ತಿಳಿಸಿ. ಆರು ಸಾಲು ಸಾಕು. ಹತ್ತು ದಿನದಲ್ಲಿ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ, ಎರಡನೇ ಸಲ ಬೇಡ.

ಇನ್ನು ಅಳತೆ. ನಿಜವಾದ ಕೆಲಸ ಇಲ್ಲೇ ಇರುವುದು, ಹುಡುಗರಿಗೆ ಬೇಸರ ಬರುವುದೂ ಇಲ್ಲೇ. ಸಾಮಾನ್ಯ ಸ್ಟೆಪ್ಪರ್ ಮೋಟರ್ ಸುತ್ತಿಗೆ 200 ಹೆಜ್ಜೆ ಇಡುತ್ತದೆ, ಅಂದರೆ ಹೆಜ್ಜೆಗೆ 1.8 ಡಿಗ್ರಿ. ಅದಕ್ಕೆ 300 ಮಿ.ಮೀ. ಉದ್ದದ ಕೈ ನೇರವಾಗಿ ಜೋಡಿಸಿದರೆ ಒಂದೇ ಹೆಜ್ಜೆಗೆ ತುದಿ ಸುಮಾರು 9.4 ಮಿ.ಮೀ. ಸರಿಯುತ್ತದೆ! ಅದಕ್ಕೇ ಗೇರ್ ಬೇಕು. ಗೇರ್ ಬಂತೆಂದರೆ ಹಲ್ಲುಗಳ ನಡುವಿನ ಸಡಿಲವೂ ಜೊತೆಗೇ ಬರುತ್ತದೆ. ಕೈಯ ಕಡೆ ಅರ್ಧ ಡಿಗ್ರಿ ಸಡಿಲವಿದ್ದರೂ ತುದಿಯಲ್ಲಿ 2.6 ಮಿ.ಮೀ. ತಪ್ಪು.

ಅದನ್ನು ಕಣ್ಣಾರೆ ನೋಡಲು ತುದಿಗೆ ಪೆನ್ಸಿಲ್ ಕಟ್ಟಿ, ಕೆಳಗೆ ಗ್ರಾಫ್ ಹಾಳೆ ಹಾಸಿ. ಒಂದೇ ಗುರಿಗೆ ಹದಿನೈದು ಸಲ ಎಡದಿಂದ, ಹದಿನೈದು ಸಲ ಬಲದಿಂದ ಕಳಿಸಿ. ಚುಕ್ಕಿಗಳು ಎರಡು ಗುಂಪಾದರೆ ಮೊದಲ ಅನುಮಾನ ಗೇರಿನ ಮೇಲೆ. ಸುಮ್ಮನೆ ಚದುರಿದರೆ ಬೋಲ್ಟು, ಬೆಲ್ಟು, ಮೇಜು ಎಲ್ಲ ಪರೀಕ್ಷಿಸಿ. (ಮೇಜೇ ಅಲ್ಲಾಡುತ್ತಿತ್ತು ಅಂತ ಮೂರು ವಾರದ ಮೇಲೆ ಗೊತ್ತಾದ ಬುದ್ಧಿವಂತ ನಾನೇ.) ಕೈಗಾರಿಕಾ ರೋಬೊಗಳ ಪರೀಕ್ಷೆಗಿರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 9283 ಕೂಡ ಒಂದೊಂದು ಬಿಂದುವಿಗೆ ಮೂವತ್ತು ಸಲವೇ ಹೋಗಿ ಬರಲು ಹೇಳುತ್ತದೆ. ಕೆಟ್ಟ ಚುಕ್ಕಿಯನ್ನು ಅಳಿಸಬೇಡಿ. ಪಕ್ಕದಲ್ಲಿ ಏನಾಯಿತೆಂದು ಬರೆಯಿರಿ.

ನೋಟ್‌ಬುಕ್ಕಿನಲ್ಲಿ ದಿನಾಂಕ, ಭಾರ, ವೇಗ, ಮೋಟರ್ ಎಷ್ಟು ಹೊತ್ತು ಓಡಿ ಬಿಸಿಯಾಗಿತ್ತು ಎಲ್ಲ ಇರಲಿ. ವರದಿ ನಾಲ್ಕು ಪುಟ ಸಾಕು.

ಈಗ ಲ್ಯಾಮಿಂಗ್ಟನ್ ರೋಡಿಗೆ ಹೊರಡಬಹುದು. ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ನಡೆದರೆ ಹತ್ತಿರ. ಮೋಟರ್, ಅದನ್ನು ನಡೆಸುವ ಡ್ರೈವರ್ ಸರ್ಕ್ಯೂಟ್, ಪವರ್ ಸಪ್ಲೈ, ಇಷ್ಟನ್ನೇ ಚೀಟಿಯಲ್ಲಿ ಬರೆದುಕೊಳ್ಳಿ, ನಾಲ್ಕು ಅಂಗಡಿಯಲ್ಲಿ ರೇಟು ಕೇಳಿ. ಭಾನುವಾರ ಮಾತ್ರ ಬೇಡ, ಹೆಚ್ಚಿನ ಅಂಗಡಿಗಳು ಬಾಗಿಲು ಹಾಕಿರುತ್ತವೆ.