ಮಳೆ, ಮಂಜು, 14 ತಿರುವು: ಘಾಟಿ ಭಯ ಬಿಡಿಸಿಕೊಳ್ಳುವುದು ಹೇಗೆ?

ಆಗುಂಬೆ ಘಾಟಿಯ ಏಳನೇ ತಿರುವೋ ಎಂಟನೆಯದೋ, ನಾನು ಕಾರು ನಿಲ್ಲಿಸಿಬಿಟ್ಟಿದ್ದೆ. ಲೆಕ್ಕ ಇಡುವ ಸ್ಥಿತಿಯಲ್ಲಿ ಇರಲಿಲ್ಲ. ಜುಲೈ ತಿಂಗಳು, ಗಾಜಿನ ಆಚೆ ಬರೀ ಬಿಳಿ. ಹಿಂದೆ ಒಂದು ಬಸ್ಸು ಹಾರನ್ ಹೊಡೆಯುತ್ತಲೇ ಇತ್ತು. ಚಕ್ರದಿಂದ ಸುಟ್ಟ ವಾಸನೆ. ಕ್ಲಚ್ ಮೇಲಿಟ್ಟ ಕಾಲು ಗಡಗಡ. ಕೊನೆಗೆ ನಮ್ಮ ಯಜಮಾನರು ಮಳೆಯಲ್ಲೇ ಇಳಿದು ಈ ಕಡೆ ಬಂದು ಕೂತರು. ಆಮೇಲೆ ಮೂರು ವರ್ಷ, ಆಗುಂಬೆಗೆ ಮೊದಲು ಸಿಗುವ ಗುಡ್ಡೇಕೇರಿಯಿಂದ ಆಚೆಗೆ ನಾನು ಸ್ಟೇರಿಂಗ್ ಮುಟ್ಟಲಿಲ್ಲ. ಮನೆ ತೀರ್ಥಹಳ್ಳಿ, ತವರು ಉಡುಪಿ, ನಡುವೆ ಈ ಘಾಟಿ. ಹೀಗೆ ಎಷ್ಟು ದಿನ ನಡೆಯುತ್ತದೆ?

ದಾರಿ ತೋರಿಸಿದವಳು ತಂಗಿ. ಅವಳಿರುವುದು ಕೆನಡಾದ ಮಾಂಟ್ರಿಯಲ್‌ನಲ್ಲಿ. ಅಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಹಿಮದ ಟೈರ್ ಹಾಕಲೇಬೇಕು ಅಂತ ಕಾನೂನೇ ಇದೆ. ಮೊದಲ ಚಳಿಗಾಲದಲ್ಲಿ ಅವಳೂ ನನ್ನ ಹಾಗೆ ನಡುಗಿದವಳೇ. ಫೋನಿನಲ್ಲಿ ಹೇಳಿದಳು: "ಅಕ್ಕಾ, ನಾನು ಮೊದಲು ಹೈವೇಗೆ ಹೋಗಲೇ ಇಲ್ಲ. ಭಾನುವಾರ ಬೆಳಗ್ಗೆ ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋಗಿ, ಬೇಕಂತಲೇ ಜೋರಾಗಿ ಬ್ರೇಕ್ ಒತ್ತಿ ಕಾರು ಜಾರಿಸ್ತಿದ್ದೆ. ಎಷ್ಟು ಜಾರುತ್ತೆ ಅಂತ ಗೊತ್ತಾದ ಮೇಲೆ ಅರ್ಧ ಹೆದರಿಕೆ ಹೋಯ್ತು."

ಅದನ್ನೇ ನಾನು ಮಲೆನಾಡಿಗೆ ಇಳಿಸಿಕೊಂಡೆ. ಧೈರ್ಯ ತಂದುಕೋ ಅಂತ ಹೇಳಿದವರು ಬಹಳ ಜನ. ಅದರಿಂದ ನನಗೆ ಒಂದು ಪೈಸೆ ಉಪಯೋಗ ಆಗಲಿಲ್ಲ.

ಮೊದಲು ಗಾಡಿ ನೋಡಿ

ಬೋಳು ಟೈರ್ ಇಟ್ಟುಕೊಂಡು ಮನಸ್ಸಿಗೆ ಸಮಾಧಾನ ಹೇಳಿ ಪ್ರಯೋಜನವಿಲ್ಲ. ಕಾರಿನ ಟೈರಿನ ಗೆರೆ ಕನಿಷ್ಠ 1.6 ಮಿಲಿಮೀಟರ್ ಆಳ ಇರಬೇಕು ಅನ್ನುವುದು ನಿಯಮ. ಗೆರೆಗಳ ನಡುವೆ ಅಲ್ಲಲ್ಲಿ ಸಣ್ಣ ಉಬ್ಬು ಇರುತ್ತದೆ. ಟೈರ್ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದರೆ ಅದರ ಕಥೆ ಮುಗಿಯಿತು. ನಮ್ಮ ಮಳೆಗೆ ಅಲ್ಲಿಯವರೆಗೂ ಕಾಯಬೇಡಿ. ವೈಪರ್ ರಬ್ಬರ್ ಪ್ರತಿ ಮೇ ತಿಂಗಳಲ್ಲಿ ಬದಲಿಸಿ. ಬಿಸಿಲಿಗೆ ಒಣಗಿದ ರಬ್ಬರ್ ನೀರು ಒರೆಸುವುದಿಲ್ಲ, ಬಳಿಯುತ್ತದೆ.

ಗಾಜಿನ ಒಳಗೆ ಆವಿ ಕಟ್ಟುವುದು ಇನ್ನೊಂದು ಕಾಟ. ಒದ್ದೆ ಕೊಡೆ, ಒದ್ದೆ ಬಟ್ಟೆ, ನಾಲ್ಕು ಜನರ ಉಸಿರು ಸೇರಿದರೆ ಎರಡು ನಿಮಿಷದಲ್ಲಿ ಎದುರಿನದು ಕಾಣುವುದಿಲ್ಲ. ಚಳಿ ಅಂತ ಏಸಿ ಬಂದ್ ಮಾಡಬೇಡಿ. ಗಾಳಿಯ ತೇವ ಹೀರುವುದು ಅದೇ. ಏಸಿ ಹಾಕಿ, ಗಾಳಿ ಮುಂದಿನ ಗಾಜಿಗೆ ತಿರುಗಿಸಿ. ಬಿಸಿ ಗಾಳಿ ಬೇಕಿದ್ದರೆ ಜೊತೆಗೇ ಹಾಕಿಕೊಳ್ಳಬಹುದು.

ಸಂತೆ ಇಲ್ಲದ ದಿನ ಸಂತೆ ಮೈದಾನ

ಖಾಲಿ ಮೈದಾನವೊಂದು ಸಾಕು. ಮಳೆ ಬಿದ್ದಿರಬೇಕು, ಸುತ್ತ ಮಕ್ಕಳು, ದನ, ಕಂಬ ಇರಬಾರದು. ಪಕ್ಕದಲ್ಲಿ ಕಿರುಚದ ಒಬ್ಬರನ್ನು ಕೂರಿಸಿಕೊಳ್ಳಿ. ಈ ಕೆಲಸಕ್ಕೆ ಗಂಡಂದಿರು ಆಗುವುದಿಲ್ಲ ಅನ್ನುವುದು ನನ್ನ ಅನುಭವ. ನಾನು ಚಿಕ್ಕಪ್ಪನ ಮಗನನ್ನು ಕರೆದುಕೊಂಡು ಹೋಗಿದ್ದೆ.

20 ಕಿಲೋಮೀಟರ್ ವೇಗಕ್ಕೆ ಬನ್ನಿ, ಪೂರ್ತಿ ಬ್ರೇಕ್ ಒತ್ತಿ. ಕಾರಿಗೆ ಎಬಿಎಸ್ ಇದ್ದರೆ ಪೆಡಲ್ ಕಾಲಡಿಯಲ್ಲಿ ಟಕಟಕ ಅಂತ ಒದೆಯುತ್ತದೆ. ಮೊದಲ ಸಲ ಏನೋ ಮುರಿಯಿತು ಅಂದುಕೊಂಡು ನಾನು ಕಾಲು ತೆಗೆದುಬಿಟ್ಟೆ. ತೆಗೆಯಬಾರದು. ಚಕ್ರ ಕಚ್ಚಿಕೊಂಡು ಜಾರದ ಹಾಗೆ ಅದೇ ಬಿಟ್ಟು ಹಿಡಿದು ಮಾಡುತ್ತಿರುತ್ತದೆ. ನೀವು ಒತ್ತಿಯೇ ಇರಬೇಕು, ಸ್ಟೇರಿಂಗ್ ತಿರುಗಿಸಬಹುದು. ಆಮೇಲೆ 30ರಲ್ಲಿ ಮಾಡಿ. ನಿಂತ ಜಾಗಕ್ಕೆ ಪ್ರತಿ ಸಲ ಒಂದು ಕಲ್ಲು ಇಡಿ. 20ರ ಕಲ್ಲಿಗೂ 30ರ ಕಲ್ಲಿಗೂ ಇರುವ ದೂರ ನೋಡಿದರೆ ಘಾಟಿಯಲ್ಲಿ ಎಷ್ಟರಲ್ಲಿ ಹೋಗಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಹಳೇ ಗಾಡಿ, ಎಬಿಎಸ್ ಇಲ್ಲ ಅಂದರೆ ಚಕ್ರ ಕಚ್ಚಿಕೊಂಡು ಕಾರು ನೇರ ಜಾರುತ್ತದೆ, ಸ್ಟೇರಿಂಗ್ ಮಾತು ಕೇಳುವುದಿಲ್ಲ. ಆಗ ಬ್ರೇಕ್ ಸ್ವಲ್ಪ ಸಡಿಲಿಸಿದರೆ ಮತ್ತೆ ಹಿಡಿತ ಸಿಗುತ್ತದೆ. ಅದನ್ನೂ ಇಲ್ಲೇ ಕಲಿಯಬೇಕು, ಪ್ರಪಾತದ ಪಕ್ಕ ಅಲ್ಲ.

ತಂಗಿಯ ಊರಿನಲ್ಲಿ ಮಂಜುಗಡ್ಡೆಯ ತೆಳು ಪದರ ಕಣ್ಣಿಗೇ ಬೀಳುವುದಿಲ್ಲವಂತೆ, ಬರೀ ಒದ್ದೆ ಡಾಂಬರಿನ ಹಾಗೆ ಕಾಣುತ್ತದಂತೆ. ನಮ್ಮಲ್ಲಿ ಆ ಕೆಲಸ ಮಾಡುವುದು ಪಾಚಿ. ಬಿಸಿಲು ಬೀಳದ ತಿರುವು, ಬಿದಿರು ಮೆಳೆಯ ಕೆಳಗೆ, ರಸ್ತೆಯ ಅಂಚು. ಜೊತೆಗೆ ಕೊಳೆತ ಎಲೆ, ಗುಡ್ಡದಿಂದ ಇಳಿದ ಕೆಂಪು ಕೆಸರು. ಮೊದಲ ಮಳೆಯ ದಿನವಂತೂ ರಸ್ತೆಗೆ ಅಂಟಿದ ಎಣ್ಣೆ, ದೂಳು ಎಲ್ಲ ಕಲಸಿ ಜಾಸ್ತಿ ಜಾರುತ್ತದೆ. ಹಿಮವಾಗಲಿ ಪಾಚಿಯಾಗಲಿ, ಬ್ರೇಕು, ಎಕ್ಸಲರೇಟರು, ಸ್ಟೇರಿಂಗು ಮೂರನ್ನೂ ಮೆತ್ತಗೆ ಮುಟ್ಟಬೇಕು.

ಒಂದೊಂದೇ ಮೆಟ್ಟಿಲು

ಭಯದ ವಿಷಯದಲ್ಲಿ ಮನೋವೈದ್ಯರು ಹೇಳುವುದೂ ಇದನ್ನೇ: ತಪ್ಪಿಸಿಕೊಂಡಷ್ಟೂ ಅದು ಬೆಳೆಯುತ್ತದೆ, ಸಣ್ಣ ಸಣ್ಣ ಪಾಲಾಗಿ ಎದುರಿಸಿದರೆ ಇಳಿಯುತ್ತದೆ. ನನ್ನ ಪಟ್ಟಿ ಹೀಗಿತ್ತು. ಮಳೆಯಲ್ಲಿ ಮೇಗರವಳ್ಳಿವರೆಗೆ. ಆಮೇಲೆ ಗುಡ್ಡೇಕೇರಿ. ಆಮೇಲೆ ಆಗುಂಬೆ ಪೇಟೆ, ಕಾಫಿ ಕುಡಿದು ವಾಪಸ್. ಆಮೇಲೆ ಬಿಸಿಲಿನ ದಿನ ಘಾಟಿ ಇಳಿಯುವುದು. ಕೊನೆಗೆ ಮಳೆಯಲ್ಲಿ.

ಎದೆ ಡವಡವ ನಿಲ್ಲುವವರೆಗೆ ಅದೇ ಮೆಟ್ಟಿಲಲ್ಲಿ ಇರಿ. ಆಗುಂಬೆ ಪೇಟೆಗೆ ನಾನು ಐದು ಸಲ ಸುಮ್ನೆ ಹೋಗಿ ಬಂದೆ. ಹೋಟೆಲಿನವರಿಗೆ ಮುಖ ಪರಿಚಯವಾಗಿ, ಕೇಳದೆಯೇ ಕಾಫಿ ಬರತೊಡಗಿತು. ಶಿವಮೊಗ್ಗದವರಿಗೆ ಗಾಜನೂರು, ಮಂಡಗದ್ದೆ ದಾರಿ ಒಳ್ಳೆಯ ಮೊದಲ ಮೆಟ್ಟಿಲು. ಹುಲಿಕಲ್ ಘಾಟಿಯಿಂದ ಶುರು ಮಾಡಬೇಡಿ.

ಇಳಿಯುವಾಗ ಗೇರ್ ನಂಬಿ

ಅಂದು ನನ್ನ ಕಾರಿನ ಚಕ್ರ ಸುಟ್ಟ ವಾಸನೆ ಬಂದದ್ದು ಏಕೆ ಅಂತ ಆಮೇಲೆ ಗೊತ್ತಾಯಿತು. ಮೂರನೇ ಗೇರಿನಲ್ಲಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದಿದ್ದೆ. ಹಾಗೆ ಒತ್ತಿಯೇ ಇದ್ದರೆ ಬ್ರೇಕ್ ಕಾದು ಕಾದು ಹಿಡಿತ ಕಡಿಮೆ ಆಗುತ್ತದೆ. ತುಂಬಾ ಕಾದರೆ ಬ್ರೇಕ್ ಆಯಿಲ್ ಕುದಿದು ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ.

ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್. ಹಳೇ ಡ್ರೈವರುಗಳ ಈ ಲೆಕ್ಕ ಇವತ್ತಿಗೂ ಸರಿ. ಆಗುಂಬೆಯಲ್ಲಿ ಎರಡನೇ ಗೇರ್, ಬಿಗಿ ತಿರುವಿಗೆ ಮೊದಲನೆಯದು. ಇಂಜಿನ್ ಗುರ್ ಅನ್ನುತ್ತದೆ, ಅನ್ನಲಿ ಬಿಡಿ. ಅದೇ ಗಾಡಿಯನ್ನು ಹಿಡಿದುಕೊಂಡಿರುವುದು. ಬ್ರೇಕ್ ಬೇಕಾದಾಗ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಬಿಡಿ. ಮತ್ತೆ ಬೇಕಾದಾಗ ಒತ್ತಿ. ಆಟೋಮ್ಯಾಟಿಕ್ ಕಾರಾದರೆ ಡಿ ಬಿಟ್ಟು ಎಲ್‌ಗೋ ಮ್ಯಾನ್ಯುಯಲ್‌ಗೋ ಹಾಕಿ. ಪೆಟ್ರೋಲ್ ಉಳಿಯುತ್ತದೆ ಅಂತ ನ್ಯೂಟ್ರಲ್ ಮಾಡುವವರು ಈಗಲೂ ಇದ್ದಾರೆ. ಅವರ ಪಕ್ಕ ಕೂರಬೇಡಿ.

ತಿರುವಿಗೆ ಮೊದಲೇ ವೇಗ ಇಳಿಸಿ, ಗೇರ್ ಹಾಕಿ, ಹಾರನ್ ಕೊಡಿ, ಆಮೇಲೆ ತಿರುಗಿಸಿ. ತಿರುವಿನ ನಡುವೆ ಬ್ರೇಕ್ ಒತ್ತುವುದು, ಕ್ಲಚ್ ಹಿಡಿಯುವುದು ಎರಡೂ ಬೇಡ. ಕಣ್ಣು ಪ್ರಪಾತದ ಕಡೆ ಹೋದರೆ ಕೈಯೂ ಅಲ್ಲಿಗೇ ಹೋಗುತ್ತದೆ. ಮುಂದೆ ರಸ್ತೆ ಎಲ್ಲಿಯವರೆಗೆ ಕಾಣುತ್ತದೋ ಅಲ್ಲಿ ನೋಡಿ. ಬಸ್ಸಿಗೆ ತಿರುಗಲು ಪೂರ್ತಿ ರಸ್ತೆ ಬೇಕು. ಕೆಳಗಿನಿಂದ ಬಸ್ಸಿನ ದೀಪ ಕಂಡರೆ ತಿರುವಿಗೆ ಮೊದಲೇ ಎಡಕ್ಕೆ ನಿಂತುಬಿಡಿ. ರಸ್ತೆ ಸಾಕಾಗದ ಕಡೆ ಹತ್ತುವ ಗಾಡಿಗೆ ಮೊದಲು ದಾರಿ ಬಿಡಬೇಕು ಅನ್ನುವುದು ಮರ್ಯಾದೆ ಮಾತ್ರ ಅಲ್ಲ, ಕಾನೂನು ಕೂಡ.

ಹತ್ತುವಾಗ ಕಷ್ಟ ಇರುವುದು ಎಡ ತಿರುವಿನಲ್ಲಿ. ಒಳಗಿನ ಅಂಚು ಕಡಿದಾಗಿ ಏರುತ್ತದೆ. ಅಲ್ಲಿ ಇಂಜಿನ್ ಬಂದ್ ಬಿದ್ದರೆ ಕಾರು ಹಿಂದಕ್ಕೆ ಉರುಳುತ್ತದೆ ಅನ್ನುವುದೇ ಎಲ್ಲರ ಹೆದರಿಕೆ. ಹ್ಯಾಂಡ್‌ಬ್ರೇಕ್ ಎಳೆಯಿರಿ, ಮೊದಲ ಗೇರ್, ಕ್ಲಚ್ ಬಿಡುತ್ತಾ ಕಾರಿನ ಮೂತಿ ಸ್ವಲ್ಪ ಎದ್ದ ಹಾಗಾದಾಗ ಹ್ಯಾಂಡ್‌ಬ್ರೇಕ್ ಇಳಿಸಿ. ಮನೆ ಹತ್ತಿರದ ಏರಿನಲ್ಲಿ ಇದನ್ನು ಇಪ್ಪತ್ತು ಸಲ ಮಾಡಿ.

ಮಂಜು ಕವಿದರೆ

ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಬರುತ್ತದೆ. ಡಿಮ್ ಸಾಕು, ಫಾಗ್ ಲೈಟ್ ಇದ್ದರೆ ಅದೂ. ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಓಡಿಸುವ ಚಟ ಬೇಡ. ನೀವು ನಿಂತಿದ್ದೀರೋ ತಿರುಗುತ್ತಿದ್ದೀರೋ ಹಿಂದಿನವರಿಗೆ ತಿಳಿಯುವುದಿಲ್ಲ. ಎಡ ಅಂಚಿನ ಬಿಳಿ ಗೆರೆ ಹಿಡಿದು ಹೋಗಿ, ಕಿಟಕಿ ಎರಡು ಬೆರಳು ಇಳಿಸಿ. ಮಂಜಿನಲ್ಲಿ ಕಣ್ಣಿಗಿಂತ ಮೊದಲು ಕಿವಿಗೆ ಬಸ್ಸು ಸಿಗುತ್ತದೆ. ಏನೂ ಕಾಣದಿದ್ದರೆ ಮುಂದೆ ಹೋಗಬೇಡಿ, ಅಗಲ ಇರುವ ಕಡೆ ಪೂರ್ತಿ ಪಕ್ಕಕ್ಕೆ ನಿಲ್ಲಿ. ನಾಲ್ಕು ಇಂಡಿಕೇಟರ್ ಹಾಕುವುದು ಆಗ.

ನಡುದಾರಿಯಲ್ಲಿ ಕೈಕಾಲು ನಡುಗಿದರೆ

ಭಯ ಬಂದಾಗ ಮೊದಲು ಬಿಗಿಯಾಗುವುದು ಬೆರಳು. ಸ್ಟೇರಿಂಗ್ ಹಿಡಿತ ಸಡಿಲಿಸಿ, ಹೆಗಲು ಇಳಿಸಿ. ಉಸಿರು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಿ. ನಾನು ತಿರುವುಗಳನ್ನು ಜೋರಾಗಿ ಎಣಿಸುತ್ತೇನೆ: "ಒಂದು ಆಯ್ತು, ಎರಡು ಆಯ್ತು." ಬಾಯಿ ಎಣಿಸುತ್ತಿದ್ದರೆ ಉಸಿರು ಕಟ್ಟುವುದಿಲ್ಲ. ಹಿಂದಿನವರು ಹಾರನ್ ಹೊಡೆದರೆ ಅಗಲ ಸಿಕ್ಕಲ್ಲಿ ಎಡಕ್ಕೆ ಸರಿದು ಬಿಟ್ಟುಬಿಡಿ. ಬಸ್ಸಿಗೆ ಟೈಮ್ ಇದೆ, ನಮಗೇನು?

ಜಡಿಮಳೆಯ ರಾತ್ರಿ, ಮರ ಬಿದ್ದ ಸುದ್ದಿ, ಗುಡ್ಡ ಕುಸಿದ ಸುದ್ದಿ ಇದ್ದರೆ ಹೊರಡಬೇಡಿ. ಅದು ಭಯ ಅಲ್ಲ, ಬುದ್ಧಿ. ಮಳೆಗಾಲದಲ್ಲಿ ಘಾಟಿ ಬಂದ್ ಮಾಡುವುದು, ಭಾರೀ ವಾಹನ ತಡೆಯುವುದು ಆಗಾಗ ಇರುತ್ತದೆ. ಕೇಳಿಕೊಂಡೇ ಹೊರಡಿ.

ಕೆಳಗೆ ಸೋಮೇಶ್ವರದಲ್ಲಿ ನಿಲ್ಲಿಸಿ, ಇಳಿದು ಮುಂದಿನ ಚಕ್ರದ ಹತ್ತಿರ ಮೂಗು ಒಯ್ಯಿರಿ. ಮುಟ್ಟಬೇಡಿ, ಸುಡುತ್ತದೆ. ಸುಟ್ಟ ವಾಸನೆ ಬಂದರೆ ಬ್ರೇಕ್ ಜಾಸ್ತಿ ಬಳಸಿದ್ದೀರಿ, ಅರ್ಧ ಗಂಟೆ ಆರಲು ಬಿಟ್ಟು ಹೊರಡಿ. ಬರೀ ಒದ್ದೆ ಮಣ್ಣಿನ ವಾಸನೆ ಬಂದರೆ ಚಹಾ ಕುಡಿದು ಹೆಬ್ರಿ ಕಡೆ ಹೊರಡಬಹುದು.