ಫ್ಲೋರಿಡಾದ ಸ್ಟೇಟ್ ಪಾರ್ಕಿನಲ್ಲಿ ಟೆಂಟ್ ಹಾಕುವ ಮುನ್ನ

ಮೊದಲು ತಿಂಗಳು ಆರಿಸಿ, ಪಾರ್ಕ್ ಆಮೇಲೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಳೆ, ಸೊಳ್ಳೆ ಎರಡೂ ಕಡಿಮೆ. ಜೂನ್ 1ರಿಂದ ನವೆಂಬರ್ 30 ಚಂಡಮಾರುತದ ಕಾಲ. ಎಲ್ಲರ ಲೆಕ್ಕವೂ ಇದೇ ಆದ್ದರಿಂದ ಮಯಾಕಾ ರಿವರ್‌ನಂಥ ಪಾರ್ಕುಗಳ ವಾರಾಂತ್ಯಗಳು ಬೇಗ ಭರ್ತಿ. ರಾಜ್ಯದ ನಿವಾಸಿಗಳು 11 ತಿಂಗಳು, ಹೊರಗಿನವರು 10 ತಿಂಗಳು ಮೊದಲೇ ಕಾಯ್ದಿರಿಸಬಹುದು. ವಾರದ ನಡುವಿನ ದಿನಗಳನ್ನೂ ನೋಡಿ.

ಬೆಳಗ್ಗೆ ಟೆಂಟಿನೊಳಗೆ ಹನಿ ತೊಟ್ಟಿಕ್ಕಿದರೆ ಅದು ಬಹುಪಾಲು ಸೋರಿಕೆಯಲ್ಲ, ಒಳಗಿನವರ ಉಸಿರಿನ ತೇವ. ಮೇಲುಹೊದಿಕೆ ಒಳಬಲೆಗೆ ತಾಗದಂತೆ ಬಿಗಿಯಾಗಿ ಎಳೆದು ಕಟ್ಟಿ, ಗಾಳಿಕಿಂಡಿ ತೆರೆದಿಡಿ. ಕೆಳಗೆ ಹಾಸುವ ಟಾರ್ಪಾಲು ಅಂಚಿನಾಚೆ ಚಾಚಿದರೆ ಮಳೆನೀರು ಅದರ ಮೇಲೆ ಬಿದ್ದು ನೇರ ಹಾಸಿಗೆಯಡಿಗೇ ಹರಿಯುತ್ತದೆ. ಎರಡು ಇಂಚು ಒಳಕ್ಕೆ ಮಡಿಸಿ. ಟೆಂಟಿನ ಜೊತೆ ಬರುವ ಸಣ್ಣ ಗೂಟ ಮರಳಿನಲ್ಲಿ ನಿಲ್ಲದು, 30 ಸೆಂ.ಮೀ. ಉದ್ದದ ಅಗಲ ಗೂಟ ಒಯ್ಯಿರಿ.

ಕರಾವಳಿಯ ‘ನೋ-ಸೀ-ಅಮ್’ ನುಸಿ ಸಾಮಾನ್ಯ ಸೊಳ್ಳೆಬಲೆಯಲ್ಲೂ ನುಸುಳುತ್ತದೆ. ಇನ್ನೂ ಸಣ್ಣ ಕಣ್ಣಿನ ಬಲೆ ಬೇಕು. ಪರ್ಮೆಥ್ರಿನ್ ಎಂಬ ಕೀಟನಾಶಕ ಬಟ್ಟೆಗೆ ಮಾತ್ರ, ಮೈಗೆ ಸೊಳ್ಳೆ ದೂರವಿಡುವ ಡೀಟ್.

ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್ ನೀರು. ಮೊಸರನ್ನ ಆ ಸೆಕೆಗೆ ಕೆಡುತ್ತದೆ, ಪುಳಿಯೋಗರೆ ಗೊಜ್ಜು ವಾಸಿ. ಡಬ್ಬಿಗಳನ್ನು ರಾತ್ರಿ ಕಾರಿನೊಳಗಿಡಿ: ರಕೂನ್ ಎಂಬ ಸಣ್ಣ ಕಾಡುಪ್ರಾಣಿ ಕೂಲರ್ (ಐಸ್ ಪೆಟ್ಟಿಗೆ) ಮುಚ್ಚಳ ತೆಗೆಯಬಲ್ಲದು. ಸೌದೆ ಅಲ್ಲೇ ಕೊಳ್ಳಿ, ದೂರದಿಂದ ತಂದರೆ ಮರಕೊರಕ ಕೀಟಗಳೂ ಜೊತೆಗೆ ಬರುತ್ತವೆ. ಆಲಿಗೇಟರ್‌ಗೆ ತಿನಿಸು ಹಾಕುವುದು ಅಲ್ಲಿ ಅಪರಾಧ.